ಬೋರ್‌ವೆಲ್‌ಗೆ ಮೊದಲು ಮಳೆಯ ಲೆಕ್ಕ

ಜಾವಗಲ್‌ನಿಂದ ಹಳೇಬೀಡಿನ ಕಡೆಗೆ ಬಸ್ಸಿನಲ್ಲಿ ಹೊರಟರೆ ರಸ್ತೆಯ ಎರಡೂ ಬದಿಗೆ ಹೊಸ ಕಲ್ಲುಕಂಬ, ತಂತಿ ಬೇಲಿ, ಬೀಗ ಹಾಕಿದ ಕಬ್ಬಿಣದ ಗೇಟುಗಳು ಕಾಣುತ್ತವೆ. ಒಳಗೆ ಡ್ರಿಪ್ ಪೈಪು, ಬೆಣ್ಣೆಹಣ್ಣಿನ ಸಸಿ, ಡ್ರ್ಯಾಗನ್ ಫ್ರೂಟ್ ಹಬ್ಬಿಸಲು ನೆಟ್ಟ ಸಿಮೆಂಟ್ ಕಂಬ, ಒಂದು ಮೂಲೆಯಲ್ಲಿ ಬೋರ್‌ವೆಲ್‌ನ ಕೇಸಿಂಗ್ ಪೈಪು. ಒಡೆಯರು ಬೆಂಗಳೂರಿನಲ್ಲಿರುತ್ತಾರೆ. ನಾನೂ ಅಲ್ಲಿಂದ ಬಂದವಳು. ರಾಜಾಜಿನಗರದಲ್ಲಿ ಹುಟ್ಟಿ ಬೆಳೆದು, ಬ್ಯಾಂಕಿನ ಕೆಲಸ ಮುಗಿಸಿ, ಅರಸೀಕೆರೆ ತಾಲ್ಲೂಕಿನ ಜಾವಗಲ್ ಹೋಬಳಿಯಲ್ಲಿ ಸ್ವಲ್ಪ ಜಮೀನು ಕೊಂಡು ಇಲ್ಲೇ ಮನೆ ಮಾಡಿಕೊಂಡಿದ್ದೇನೆ. ನಮ್ಮ ವಂಶದಲ್ಲಿ ಯಾರ ಹೆಸರಲ್ಲೂ ಪಹಣಿ ಇರಲಿಲ್ಲ. 2020ರವರೆಗೆ ನನ್ನಂಥವರಿಗೆ ಈ ರಾಜ್ಯದಲ್ಲಿ ಕೃಷಿ ಜಮೀನು ಕೊಳ್ಳುವುದಕ್ಕೇ ಅವಕಾಶವಿರಲಿಲ್ಲ.

ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 1974ರಿಂದ ಆ ಬಾಗಿಲನ್ನು ಮುಚ್ಚಿದ್ದವು. ಕೃಷಿಯೇತರ ಆದಾಯ ಇಷ್ಟಕ್ಕಿಂತ ಹೆಚ್ಚಿದ್ದರೆ ಜಮೀನು ಕೊಳ್ಳುವಂತಿಲ್ಲ, ರೈತನಲ್ಲದವನು ಹಿಡುವಳಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಅವುಗಳ ಸಾರ. 2015ರಲ್ಲಿ ಆದಾಯದ ಮಿತಿಯನ್ನು 25 ಲಕ್ಷಕ್ಕೆ ಏರಿಸಿದರು. 2020ರ ಜುಲೈನಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಎರಡೂ ಕಲಮುಗಳನ್ನು ತೆಗೆದೇ ಹಾಕಿದರು. ಆಗ ರೈತ ಸಂಘಟನೆಗಳು ಬೀದಿಗಿಳಿದದ್ದು ಓದುಗರಿಗೆ ನೆನಪಿರಬಹುದು. ಆ ಬಾಗಿಲಿನಿಂದಲೇ ಒಳಗೆ ಬಂದವಳಾಗಿ ಹೇಳುತ್ತೇನೆ: ಬಾಗಿಲು ತೆರೆದ ಸರ್ಕಾರ ಒಳಗೆ ಬರುವವರಿಗೆ ನೀರಿನ ಬಗ್ಗೆ ಒಂದು ಷರತ್ತನ್ನೂ ಹಾಕಲಿಲ್ಲ. ಹಾಕಬೇಕಿತ್ತು. ಈಗಲಾದರೂ ಹಾಕಬೇಕು.

ನಗರದಿಂದ ಬರುವ ನಾವು ಬರಿಗೈಯಲ್ಲಿ ಬರುವುದಿಲ್ಲ. ತೋಟ ಅಂದರೆ ಹೀಗಿರಬೇಕು ಎಂಬ ಚಿತ್ರವೊಂದನ್ನು ತಲೆಯಲ್ಲಿಟ್ಟುಕೊಂಡೇ ಬರುತ್ತೇವೆ. ನನ್ನ ಪೀಳಿಗೆಯ ಕನ್ನಡ ಓದುಗರಿಗೆ ಆ ಚಿತ್ರ ಕೊಟ್ಟವರು ಪೂರ್ಣಚಂದ್ರ ತೇಜಸ್ವಿ. ಮೈಸೂರಿನಲ್ಲಿ ಓದಿ, ಕುವೆಂಪು ಅವರ ಮಗನಾಗಿ ಅಲ್ಲೇ ಯಾವುದಾದರೂ ಕಾಲೇಜು ಸೇರಿ ನೆಮ್ಮದಿಯಾಗಿ ಇರಬಹುದಾಗಿದ್ದವರು 1960ರ ದಶಕದಲ್ಲಿ ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದರು. ಜಪಾನಿನ ಫುಕುವೋಕನ ವಿಚಾರಗಳನ್ನು ‘ಸಹಜ ಕೃಷಿ’ ಪುಸ್ತಕದ ಮೂಲಕ ನಮಗೆ ಮುಟ್ಟಿಸಿದವರೂ ಅವರೇ. ಆ ಫುಕುವೋಕನೂ ಯೊಕೊಹಾಮಾದ ಕಸ್ಟಮ್ಸ್ ಕಚೇರಿಯಲ್ಲಿ ಸಸ್ಯ ತಪಾಸಣೆ ಮಾಡುತ್ತಿದ್ದ ನೌಕರ, ಕೆಲಸ ಬಿಟ್ಟು ಅಪ್ಪನ ಹೊಲಕ್ಕೆ ಮರಳಿದವನು. ಇವರಿಬ್ಬರನ್ನು ಓದಿ ಊರು ಬಿಟ್ಟು ತೋಟಕ್ಕೆ ಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದು ಒಳ್ಳೆಯದೇ. ಆದರೆ ಮೂಡಿಗೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಎರಡು ಸಾವಿರ ಮಿಲಿಮೀಟರ್ ದಾಟುತ್ತದೆ. ಅರಸೀಕೆರೆಯಲ್ಲಿ ಬೀಳುವುದು ಸುಮಾರು 700. ಏನೂ ಮಾಡದೆ ಬಿಟ್ಟರೆ ಮೂಡಿಗೆರೆಯ ನೆಲ ಕಾಡಾಗುತ್ತದೆ, ಅರಸೀಕೆರೆಯ ನೆಲ ಬಂದರೆ ಗಿಡದ ಕುರುಚಲಾಗುತ್ತದೆ. ತೇಜಸ್ವಿಯವರ ಪುಸ್ತಕ ಓದಿ ಜಾವಗಲ್‌ನಲ್ಲಿ ಜಮೀನು ಕೊಂಡವರು ಈ ಅಂತರವನ್ನು ತುಂಬಲು ಬೋರ್‌ವೆಲ್ ಲಾರಿಯನ್ನು ಕರೆಸುತ್ತಾರೆ.

ಇಲ್ಲಿಯ ನೆಲದ ವಿಚಿತ್ರವೇ ಇದು. ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರ್. ಅಲ್ಲಿಂದ ಜಾವಗಲ್, ಬಾಣಾವರ ದಾಟಿ ಅರಸೀಕೆರೆ. ಒಟ್ಟು 60 ಕಿಲೋಮೀಟರ್ ಆಸುಪಾಸಿನ ಈ ದಾರಿಯಲ್ಲಿ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗಿಬಿಡುತ್ತದೆ. ಬೇಲೂರು ತಾಲ್ಲೂಕಿನ ಪಶ್ಚಿಮಕ್ಕೆ ಅರೇಹಳ್ಳಿ, ಬಿಕ್ಕೋಡು ಕಡೆ ಕಾಫಿ, ಮೆಣಸು, ಜೊತೆಗೆ ಆನೆ ಕಾಟ. ಹಳೇಬೀಡಿನ ಸುತ್ತ ಜೋಳ, ಆಲೂಗಡ್ಡೆ, ಈಚೀಚೆಗೆ ಶುಂಠಿ. ಜಾವಗಲ್ ದಾಟಿದ ಮೇಲೆ ರಾಗಿ, ಹುರುಳಿ, ತೆಂಗು. ಮಳೆಯ ಪ್ರಮಾಣ ಕಡಿಮೆಯಾಗುವುದಷ್ಟೇ ಅಲ್ಲ, ಮಳೆಯ ಕಾಲವೇ ಬದಲಾಗುತ್ತದೆ. ಜುಲೈನಲ್ಲಿ ಮೂಡಿಗೆರೆ ತೊಯ್ದು ತೊಪ್ಪೆಯಾಗಿರುವಾಗ ನಮ್ಮಲ್ಲಿ ಬರೀ ಗಾಳಿ, ಮೋಡ, ಆಗಾಗ ನೆಲ ನೆನೆಯದಷ್ಟು ಸೋನೆ. ಇಲ್ಲಿ ಮಣ್ಣಿನ ಆಳಕ್ಕೆ ಇಳಿಯುವ ಮಳೆ ಮೇ ತಿಂಗಳಲ್ಲಿ ಒಂದು ಸಲ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ವನಮಹೋತ್ಸವ ಅಂತ ದೇಶವೆಲ್ಲ ಜುಲೈ ಮೊದಲ ವಾರದಲ್ಲಿ ಸಸಿ ನೆಡುತ್ತದೆ. ನಮ್ಮ ಕಡೆ ಆ ವಾರ ನೆಟ್ಟ ಎಳೆ ಸಸಿಯನ್ನು ತಿಂಗಳುಗಟ್ಟಲೆ ಗಾಳಿ ಅಲುಗಾಡಿಸಿ ಒಣಗಿಸುತ್ತದೆ.

ಇದನ್ನು ನನಗೆ ಯಾವ ಇಲಾಖೆಯ ಕರಪತ್ರವೂ ಹೇಳಲಿಲ್ಲ. ಹೇಳಿದವರು ಪಕ್ಕದ ಹೊಲದ ಅಜ್ಜಿ. ಅವರ ಲೆಕ್ಕವೆಲ್ಲ ಮಳೆ ನಕ್ಷತ್ರದಲ್ಲಿ. ಏಪ್ರಿಲ್ ನಡುವೆ ಅಶ್ವಿನಿ, ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ಆಮೇಲೆ ರೋಹಿಣಿ, ಜೂನ್‌ನಲ್ಲಿ ಮೃಗಶಿರ, ಆರಿದ್ರೆ. ಒಂದೊಂದು ಮಳೆಗೂ ಹದಿಮೂರು, ಹದಿನಾಲ್ಕು ದಿನ. ಭರಣಿಯಲ್ಲಿ ಒಂದು ಹದ ಮಳೆ ಬಿದ್ದರೆ ಎಳ್ಳು, ಹೆಸರು, ಅಲಸಂದೆ ಬೀಳಬೇಕು. ರಾಗಿಗೆ ಅವಸರವಿಲ್ಲ, ಪುನರ್ವಸು, ಪುಷ್ಯ ಕಾಯಬಹುದು. ಹುರುಳಿಗೆ ಇನ್ನೂ ತಡವಾದರೂ ನಡೆಯುತ್ತದೆ. ಹದ ನೋಡುವುದನ್ನೂ ಅವರೇ ತೋರಿಸಿದರು. ಗೇಣುದ್ದ ಕೆದಕಿ, ಒಳಗಿನ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ, ಸೊಂಟದ ಎತ್ತರದಿಂದ ಬಿಡಬೇಕು. ಉಂಡೆ ಎರಡು ಮೂರು ಹೋಳಾಗಿ ಬಿದ್ದರೆ ಹದ ಸರಿಯಿದೆ. ಹಾಗೇ ಚಪ್ಪಟೆಯಾಗಿ ಕೂತರೆ ಇನ್ನೂ ಎರಡು ದಿನ ಎತ್ತು ಕಟ್ಟಬಾರದು. ಪುಡಿಯಾಗಿ ಚೆದುರಿದರೆ ಮುಂದಿನ ಮಳೆ ಬರುವವರೆಗೆ ಬೀಜಕ್ಕೆ ಕೈ ಹಾಕಬಾರದು. ಈ ಪರೀಕ್ಷೆಗೆ ದುಡ್ಡು ಬೇಕಿಲ್ಲ, ಯಂತ್ರ ಬೇಕಿಲ್ಲ, ಕೂತು ಕಲಿಯುವ ಮನಸ್ಸು ಬೇಕು, ಕಲಿಸುವವರು ಬೇಕು.

ಕಳೆಯ ವಿಷಯಕ್ಕೆ ಬಂದರೆ ಈ ಕಲಿಕೆ ಎಷ್ಟು ಸೂಕ್ಷ್ಮ ಅನ್ನುವುದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅಜ್ಜಿಯ ರಾಗಿ ಹೊಲದಲ್ಲಿ ಇಷ್ಟು ಸಾಲಿಗೊಂದು ಅಂತ ಅಕ್ಕಡಿ ಸಾಲು ಇರುತ್ತದೆ. ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ಜೋಳದ ದಂಟಿಗೆ ಅವರೆ ಹಬ್ಬುತ್ತದೆ, ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ, ತೊಗರಿಯ ಬೇರು ಆಳಕ್ಕಿಳಿದು ರಾಗಿ ಕೊಯ್ದ ಮೇಲೂ ನಿಂತಿರುತ್ತದೆ. ಆ ಸಾಲುಗಳ ನಡುವೆ ಕೂತು ಕುಡುಗೋಲಿನಲ್ಲಿ ಕಳೆ ತೆಗೆಯುತ್ತಾ ಹೋಗುವಾಗ ಅವರ ಬಲಗೈ ಕೀಳುತ್ತದೆ, ಎಡಗೈ ಆರಿಸುತ್ತದೆ. ಜೇಕು, ಗರಿಕೆ ಬದುವಿನ ಕಡೆಗೆ ಬೀಳುತ್ತವೆ. ಅಣ್ಣೆ, ಗಣಿಕೆ, ಹೊನಗೊನ್ನೆ, ಕೀರೆ ಮಡಿಲಿಗೆ ಬೀಳುತ್ತವೆ. ಎಳೆಯ ಗಣಿಕೆ ಗಿಡವೊಂದನ್ನು ನಾನು ಬುಡಸಹಿತ ಎಳೆಯಲು ಹೋದಾಗ ಕೈ ಹಿಡಿದು, “ಬುಡ ಬುಡವ್ವ, ಕುಡಿ ಮಾತ್ರ ಚಿವುಟ್ಕೋ. ನಾಡಿದ್ದಕ್ಕೆ ಮತ್ತೆ ಚಿಗುರ್ತದೆ. ಇದೇ ಅಲ್ವಾ ಬಸ್ಸಾರಿಗೆ” ಅಂದರು. ಬಿತ್ತದೆ, ನೀರು ಹಾಯಿಸದೆ, ಗೊಬ್ಬರ ಕೊಡದೆ ಒಂದು ಮನೆಯ ಸಾರಿಗಾಗುವಷ್ಟು ಬೆರಕೆ ಸೊಪ್ಪು ಮಳೆಗಾಲ ಪೂರ್ತಿ ಆ ಹೊಲದಿಂದ ಬರುತ್ತದೆ. ಪಕ್ಕದ ತಂತಿ ಬೇಲಿಯೊಳಗೆ ಅದೇ ಗಣಿಕೆ, ಅದೇ ಅಣ್ಣೆಗೆ ಕಳೆನಾಶಕ ಹೊಡೆಸಿ, ಆಮೇಲೆ ಬೋರ್‌ವೆಲ್ ನೀರಿನಲ್ಲಿ ಪಾಲಕ್ ಬೆಳೆಯುತ್ತಾರೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈಗ ನೀರಿನ ಲೆಕ್ಕ. ಬ್ಯಾಂಕಿನಲ್ಲಿ ಕೆಲಸ ಮಾಡಿದವಳಾದ್ದರಿಂದ ಲೆಕ್ಕ ಹಾಕದೆ ನನಗೆ ಸಮಾಧಾನವಿಲ್ಲ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ನಾಲ್ಕು ಸಾವಿರ ಲೀಟರ್ ನೀರು. 700 ಮಿಲಿಮೀಟರ್ ಅಂದರೆ ಎಕರೆಗೆ 28 ಲಕ್ಷ ಲೀಟರ್. ಮೂವತ್ತು ಅಡಿ ಅಂತರದಲ್ಲಿ ತೆಂಗು ಹಾಕಿದರೆ ಎಕರೆಗೆ 48 ಮರ. ಬೇಸಿಗೆಯಲ್ಲಿ ಡ್ರಿಪ್ ಮೂಲಕ ಮರವೊಂದಕ್ಕೆ ದಿನಕ್ಕೆ 50 ಲೀಟರ್ ಅಂತಿಟ್ಟುಕೊಂಡರೂ 2,400 ಲೀಟರ್, ನಾಲ್ಕು ತಿಂಗಳಿಗೆ ಮೂರು ಲಕ್ಷಕ್ಕಿಂತ ಒಂದಿಷ್ಟು ಕಡಿಮೆ. ಬಿದ್ದ ಮಳೆಯಲ್ಲಿ ಹತ್ತರಲ್ಲೊಂದು ಪಾಲನ್ನು ಬದುವಿನೊಳಗೆ, ಹೊಂಡದೊಳಗೆ ಹಿಡಿದಿಟ್ಟುಕೊಂಡರೆ ತೆಂಗು ಬೇಸಿಗೆ ದಾಟುತ್ತದೆ. ಹೊಂಡದಲ್ಲಿ ಬಿಸಿಲಿಗೆ ಆರಿಹೋಗುವ ನೀರಿಗೆ ಇನ್ನಷ್ಟು ಸೇರಿಸಿಕೊಳ್ಳಿ, ಆದರೂ ಆಗದ ಮಾತಲ್ಲ. ಇನ್ನು ಹತ್ತು ಗುಂಟೆ ಹುಲ್ಲುಹಾಸು. ನಗರದವರ ಫಾರ್ಮ್ ಹೌಸ್ ಮುಂದೆ ಇದು ಇದ್ದೇ ಇರುತ್ತದೆ. ಅದು ಹಸಿರಾಗಿ ನಿಲ್ಲಬೇಕಾದರೆ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಮಿಲಿಮೀಟರ್ ನೀರು ಬೇಕು. ಅಂದರೆ ದಿನಕ್ಕೆ ನಾಲ್ಕೈದು ಸಾವಿರ ಲೀಟರ್. ಒಂದು ಎಕರೆ ತೆಂಗು ಕುಡಿಯುವುದರ ಹೆಚ್ಚುಕಡಿಮೆ ಎರಡರಷ್ಟು ನೀರನ್ನು ಕಾಲೆಕರೆ ಹುಲ್ಲು ಕುಡಿಯುತ್ತದೆ, ಒಂದು ಕಾಯಿಯನ್ನೂ ಕೊಡುವುದಿಲ್ಲ.

ಅರಸೀಕೆರೆ ಅಂತರ್ಜಲ ಅತಿಯಾಗಿ ಬಳಕೆಯಾಗಿರುವ ತಾಲ್ಲೂಕು. ಕೆಳಗೆ ಗಟ್ಟಿ ಬಂಡೆ, ನೀರು ಇರುವುದು ಅದರ ಬಿರುಕುಗಳಲ್ಲಿ ಮಾತ್ರ. ಎಂಟುನೂರು, ಸಾವಿರ ಅಡಿ ಕೊರೆಯುವುದು ಈಗ ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ಬಿರುಕಿಗೆ ಸರ್ವೆ ನಂಬರ್ ಗೊತ್ತಿಲ್ಲ. ನನ್ನ ಬೇಲಿಯೊಳಗೆ ಎತ್ತಿದ ನೀರು ಪಕ್ಕದವರ ಪಂಪಿಗೆ ಕಡಿಮೆಯಾಗುತ್ತದೆ. 2016-17ರ ಬರದಲ್ಲಿ ಈ ತಾಲ್ಲೂಕಿನ ತೆಂಗಿನ ತೋಟಗಳು ಸುಳಿ ಬಾಗಿ ಒಣಗಿ ನಿಂತದ್ದನ್ನು ಇಲ್ಲಿಯವರು ಇನ್ನೂ ಮರೆತಿಲ್ಲ. ತೆಂಗು ಹೋಯಿತೆಂದರೆ ಒಂದು ಸಂಸಾರದ ವರಮಾನವೇ ಹೋದಂತೆ. ಇಲ್ಲಿಯ ಕಾಯಿಯನ್ನು ಹೆಚ್ಚಾಗಿ ಹಸಿಯಾಗಿ ಮಾರುವುದಿಲ್ಲ. ಅಟ್ಟದ ಮೇಲೆ ಹತ್ತು, ಹನ್ನೊಂದು ತಿಂಗಳು ಕೂಡಿಟ್ಟು, ಒಳಗೆ ಕೊಬ್ಬರಿ ಕಳಚಿಕೊಂಡು ಗಿಟುಕಾದ ಮೇಲೆ ಸುಲಿದು ಒಡೆದು ಅರಸೀಕೆರೆ ಅಥವಾ ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತಾರೆ. ಅಂದರೆ ಈ ವರ್ಷದ ನೀರು ಮುಂದಿನ ವರ್ಷದ ಊಟ. ಮಗಳ ಮದುವೆ, ಮಗನ ಹಾಸ್ಟೆಲ್ ಫೀಸು ಎಲ್ಲವೂ ಆ ಅಟ್ಟದ ಮೇಲಿರುತ್ತದೆ.

ಊರಿನ ರೈತರು ಬೋರ್ ಕೊರೆಸಿಲ್ಲವೇ, ಶುಂಠಿಗೆ ನೀರು ಹರಿಸಿಲ್ಲವೇ, ಎಲ್ಲ ಹೊಣೆಯೂ ನಗರದವರದ್ದೇ ಏಕೆ ಎಂದು ನನ್ನ ಜೊತೆ ಕೆಲಸ ಮಾಡಿದವರೇ ಕೇಳುತ್ತಾರೆ. ಕೊರೆಸಿದ್ದಾರೆ, ಹರಿಸಿದ್ದಾರೆ. ಶುಂಠಿಗೆಂದು ಜಮೀನನ್ನು ಗುತ್ತಿಗೆ ಕೊಟ್ಟು, ಎರಡು ವರ್ಷದಲ್ಲಿ ಮಣ್ಣಿನ ಸತ್ವ ಕಳೆದುಕೊಂಡವರೂ ಇದ್ದಾರೆ. ಆದರೆ ಇಬ್ಬರಿಗೂ ದೊಡ್ಡ ವ್ಯತ್ಯಾಸವಿದೆ. ಬೋರ್ ಫೇಲಾದರೆ ಇಲ್ಲಿಯ ಸಂಸಾರ ಸಾಲಕ್ಕೆ ಬೀಳುತ್ತದೆ. ನಮಗೆ ಫೇಲಾದರೆ ಪಿಂಚಣಿಯಲ್ಲೋ ಸಂಬಳದಲ್ಲೋ ಇನ್ನೊಂದು ಕೊರೆಸುತ್ತೇವೆ, ಇನ್ನೂ ಆಳಕ್ಕೆ. ನಷ್ಟ ತಾಳಿಕೊಳ್ಳುವ ಶಕ್ತಿ ಯಾರಿಗೆ ಹೆಚ್ಚಿದೆಯೋ ಅವರ ಮೇಲೆ ನಿಯಮವೂ ಹೆಚ್ಚಿರುವುದು ನ್ಯಾಯ.

ಈ ನೆಲದಲ್ಲಿ ಮೊದಲು ಹೊಸಬರಾಗಿ ಬಂದವರು ನಾವೇನಲ್ಲ. ಹೊಯ್ಸಳರು ಕೂಡ ಮಲೆನಾಡಿನಿಂದ ಇಳಿದು ಬಂದವರು. ಅವರ ಮೂಲ ನೆಲೆ ಸೊಸೆವೂರು, ಇವತ್ತು ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರು. ಅಲ್ಲಿಂದ ಬೇಲೂರಿಗೆ, ಬೇಲೂರಿನಿಂದ ದೋರಸಮುದ್ರಕ್ಕೆ, ಅಂದರೆ ಇವತ್ತಿನ ಹಳೇಬೀಡಿಗೆ. ಒಂದೊಂದು ಹೆಜ್ಜೆಗೂ ಮಳೆ ಕಡಿಮೆಯಾಗುವ ದಿಕ್ಕಿಗೇ ಬಂದರು. ರಾಜಧಾನಿ ನಿಂತದ್ದು ದೊಡ್ಡ ಕೆರೆಯ ದಡದಲ್ಲಿ. ಹಳೇಬೀಡಿಗೆ ಬರುವ ಪ್ರವಾಸಿಗಳು 1121ರಲ್ಲಿ ಶುರುವಾದ ಹೊಯ್ಸಳೇಶ್ವರನ ಗೋಡೆಯ ಶಿಲ್ಪ ನೋಡಿ, 2023ರಲ್ಲಿ ಸಿಕ್ಕ ಯುನೆಸ್ಕೊ ಮನ್ನಣೆಯ ಬಗ್ಗೆ ಗೈಡ್ ಹೇಳುವುದನ್ನು ಕೇಳಿಸಿಕೊಂಡು ಹಿಂದಿರುಗುತ್ತಾರೆ. ದೇವಸ್ಥಾನದಿಂದ ನಡೆದುಹೋಗುವಷ್ಟು ಹತ್ತಿರ ಕೆರೆಯ ಏರಿ ಇದೆ, ಸ್ವಲ್ಪ ದೂರದಲ್ಲಿ ಹುಲಿಕೆರೆಯ ಕಲ್ಯಾಣಿ ಇದೆ. ತೋಟ ಮಾಡಲು ಬಂದವರು ಮೊದಲು ನೋಡಬೇಕಾದವು ಇವು. ಬಿದ್ದ ಮಳೆಯನ್ನು ನಿಲ್ಲಿಸಿಕೊಳ್ಳದೆ ಈ ಬಯಲಿನ ಅಂಚಿನಲ್ಲಿ ಯಾರೂ ಬಾಳಲಾರರು ಎಂಬುದು ಒಂಬೈನೂರು ವರ್ಷದ ಹಿಂದೆಯೇ ಇಲ್ಲಿ ತಿಳಿದಿತ್ತು. ಈಚಿನ ವರ್ಷಗಳಲ್ಲೂ ಹಳೇಬೀಡಿನ ಸುತ್ತಲಿನ ಜನ ಕೆರೆಗಳಿಗೆ ಯಗಚಿ ಹೊಳೆಯ ನೀರು ಹರಿಸಿ ಎಂದು ಹೋರಾಡಿದ್ದು ಅದಕ್ಕೇ.

ನನ್ನ ಜಮೀನಿನಲ್ಲಿ ಮಾಡಿರುವುದು ಇಷ್ಟೇ. ಇಳಿಜಾರಿಗೆ ಅಡ್ಡಲಾಗಿ ಬದು ಎತ್ತಿಸಿ, ಬದುವಿನ ಮೇಲೆ ನುಗ್ಗೆ, ಗ್ಲಿರಿಸಿಡಿಯಾ, ಸೀತಾಫಲ ಹಾಕಿದ್ದೇನೆ. ತಗ್ಗಿನ ಮೂಲೆಯಲ್ಲಿ ಹೊಂಡವಿದೆ. ತೆಂಗಿನ ಗುಂಡಿಯನ್ನು ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳಕ್ಕೆ ತೆಗೆದು, ಮರಳು ಮಿಶ್ರಿತ ಕೆಂಪು ಮಣ್ಣಾದ್ದರಿಂದ ತಳಕ್ಕೆ ಕಾಯಿ ಮಟ್ಟೆಯನ್ನು ನಾರಿನ ಮಗ್ಗುಲು ಮೇಲೆ ಬರುವಂತೆ ಎರಡು ವರಸೆ ಜೋಡಿಸಿದೆವು. ಬೋರಲಾಗಿ ಇಟ್ಟರೆ ನೀರು ಜಾರಿಹೋಗುತ್ತದೆ, ಅಂಗಾತ ಇಟ್ಟರೆ ನಾರು ಹೀರಿಕೊಂಡು ಬೇಸಿಗೆಯವರೆಗೆ ತೇವ ಹಿಡಿದಿರುತ್ತದೆ. ಮೇಲೆ ಕೊಟ್ಟಿಗೆ ಗೊಬ್ಬರ, ಮೇಲ್ಮಣ್ಣು. ಪಾತಿಗೆ ಒಣಗಿದ ಗರಿ, ಎಡಮಟ್ಟೆಯ ಮುಚ್ಚಿಗೆ. ಮಾರ್ಚ್ ಕೊನೆಯಲ್ಲಿ ಆ ಮುಚ್ಚಿಗೆ ಸರಿಸಿ ಕೈಯಿಟ್ಟರೆ ಮಣ್ಣು ತಣ್ಣಗಿರುತ್ತದೆ. ಒಂದು ಮೊಳ ಆಚೆ ಬರಿ ನೆಲ ಕಾದು ಬಿರಿದಿರುತ್ತದೆ. ಬೇಲಿಗೆ ತಂತಿ ಹಾಕಿಸಲಿಲ್ಲ. ರಾಗಿ ಕೊಯ್ಲಾದ ಮೇಲೆ ಬರುವ ಕುರಿಗಾರರು ನಾಲ್ಕು ರಾತ್ರಿ ಮಂದೆ ನಿಲ್ಲಿಸಿ ಹೋದರೆ ಹೊಲಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ, ತಂತಿ ಬೇಲಿ ಮೊದಲು ತಡೆಯುವುದು ಅವರನ್ನೇ. ನವಿಲು ಬಂದು ಅಲಸಂದೆ ಮೊಳಕೆ ಆರಿಸಿಕೊಂಡು ಹೋಗುತ್ತದೆ. ಕೋತಿ ಎಳನೀರು ಕೆಡವುತ್ತದೆ. ಅವಕ್ಕೆ ಇನ್ನೂ ಯಾರಲ್ಲೂ ಉತ್ತರವಿಲ್ಲ.

ಸರ್ಕಾರವನ್ನು ನಾನು ಕೇಳುವುದು ದೊಡ್ಡದೇನಲ್ಲ. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ, ಅಧಿಸೂಚಿತ ಪ್ರದೇಶದಲ್ಲಿ ಬಾವಿ ಕೊರೆಯಲು ಅನುಮತಿ ಬೇಕೆಂದು ಅದು ಹೇಳುತ್ತದೆ. 2020ರ ನಂತರ ಕೃಷಿ ಜಮೀನು ಕೊಂಡ ನಮ್ಮಂಥವರ ಮಟ್ಟಿಗೆ ಆ ಅನುಮತಿಗೆ ಒಂದು ಸಾಲು ಸೇರಿಸಲಿ: ಜಮೀನಿನ ಅಳತೆಗೆ ತಕ್ಕ ಕೃಷಿ ಹೊಂಡ, ಬದು ಮೊದಲು ಆಗಿರಬೇಕು, ಒಂದು ಮುಂಗಾರು, ಒಂದು ಹಿಂಗಾರು ಅದರಲ್ಲಿ ನೀರು ನಿಂತದ್ದನ್ನು ಪಂಚಾಯ್ತಿ ನೋಡಿರಬೇಕು, ಆಮೇಲೆ ಬೋರ್‌ವೆಲ್ ಮಾತು. ಹೊಂಡ ಮಾಡಿಸಲು 2014ರ ಕೃಷಿಭಾಗ್ಯ ಯೋಜನೆಯಲ್ಲಿ ಮಳೆಯಾಶ್ರಿತ ರೈತರಿಗೆ ಸಹಾಯಧನ ಕೊಟ್ಟರು. ನಮಗೆ ಸಹಾಯಧನ ಬೇಡ, ಗೇಟಿಗೆ ಖರ್ಚು ಮಾಡುವ ದುಡ್ಡಿನಲ್ಲೇ ಹೊಂಡ ಆಗುತ್ತದೆ. ಹುಲ್ಲುಹಾಸಿಗೆ, ಈಜುಕೊಳಕ್ಕೆ ಕೃಷಿ ಪಂಪ್‌ಸೆಟ್ಟಿನ ಉಚಿತ ವಿದ್ಯುತ್ ಹೋಗಬಾರದು ಎಂಬುದನ್ನಂತೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಲಿಕೆಯ ವಿಷಯ. ಹಾಸನದ ಹತ್ತಿರ ಕಾರೇಕೆರೆಯಲ್ಲಿ ಕೃಷಿ ಕಾಲೇಜಿದೆ, ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಬೀಜ, ಗೊಬ್ಬರ, ತಾಡಪಾಲು ಅಲ್ಲಿ ಸಿಗುತ್ತವೆ. ಭೂಮಿಗೆ ಹೊಸಬರಾದವರಿಗೆ ಅಶ್ವಿನಿಯಿಂದ ಸ್ವಾತಿಯವರೆಗೆ, ಮಳೆಗೊಂದು ದಿನದಂತೆ ಊರಿನ ಹೊಲದಲ್ಲೇ ನಡೆಯುವ ಪಾಠ ಎಲ್ಲೂ ಇಲ್ಲ. ಅದನ್ನು ಶುರುಮಾಡಲಿ. ಪಾಠ ಹೇಳಲು ಹದ ನೋಡಬಲ್ಲ, ಸೊಪ್ಪು ಗುರುತಿಸಬಲ್ಲ, ಬಿತ್ತನೆ ಅವರೆಯನ್ನು ಬೂದಿ ಬೆರೆಸಿ ಕೂಡಿಡಬಲ್ಲ ಹೆಂಗಸರನ್ನು ಕರೆಯಲಿ. ಕೂಲಿ ಲೆಕ್ಕದಲ್ಲಿ ಅಲ್ಲ, ಕಾಲೇಜಿನಿಂದ ಬರುವ ಉಪನ್ಯಾಸಕರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಲಿ. ಶುಲ್ಕವನ್ನು ಜಮೀನು ಕೊಂಡವರಿಂದ ವಸೂಲು ಮಾಡಲಿ, ಸಂತೋಷವಾಗಿ ಕೊಡುತ್ತೇವೆ. ಪಕ್ಕದ ಹೊಲದ ಅಜ್ಜಿಯ ಮಕ್ಕಳು, ಮೊಮ್ಮಕ್ಕಳೆಲ್ಲ ಅರಸೀಕೆರೆ ಜಂಕ್ಷನ್ನಿನಿಂದ ರೈಲು ಹತ್ತಿ ಬೆಂಗಳೂರು ಸೇರಿದ್ದಾರೆ. ಅಜ್ಜಿಗೆ ಗೊತ್ತಿರುವುದನ್ನು ಕೇಳಿ ತಿಳಿದುಕೊಳ್ಳಲು ಈ ಊರಿನಲ್ಲಿ ಈಗ ಪುರುಸೊತ್ತಿರುವುದು ನನ್ನಂಥ ಹೊಸಬರಿಗೇ. ಆ ತಿಳಿವಳಿಕೆ ಹತ್ತು ವರ್ಷ ಕಾಯುವುದಿಲ್ಲ.

ನಿಮ್ಮ ಕಡೆ ಜಮೀನಿದ್ದರೆ ತೋರಿಸಿ ಎಂದು ಬೆಂಗಳೂರಿನ ಪರಿಚಯದವರು ದಸರೆ ರಜೆಯಲ್ಲಿ ಫೋನ್ ಮಾಡುತ್ತಾರೆ. ಆಗ ಹಿಂಗಾರು ಬಿದ್ದು ಹುಚ್ಚೆಳ್ಳು ಹೂವಾಗಿ ಇಡೀ ಸೀಮೆ ನಗುತ್ತಿರುತ್ತದೆ. ಈಗ ಬೇಡ, ಯುಗಾದಿ ಕಳೆದ ಮೇಲೆ ಮಧ್ಯಾಹ್ನದ ಹೊತ್ತಿಗೆ ಬನ್ನಿ ಅನ್ನುತ್ತೇನೆ. ಬಂದವರನ್ನು ಮೊದಲು ಮಾರುವವರ ಹತ್ತಿರ ಕರೆದೊಯ್ಯುವುದಿಲ್ಲ, ಆ ಜಮೀನಿನ ನಾಲ್ಕು ದಿಕ್ಕಿನ ಹಿಡುವಳಿದಾರರ ಹತ್ತಿರ ಕೂರಿಸುತ್ತೇನೆ. ನಿಮ್ಮ ಬೋರ್ ಎಷ್ಟು ಅಡಿ, ಎಷ್ಟು ಇಂಚು ನೀರು, ಯಾವ ವರ್ಷ ನಿಂತಿತ್ತು, ಎಲ್ಲವನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ ಅನ್ನುತ್ತೇನೆ. ಹಾಗೆ ಕೂತು ಕೇಳಿದ ಮೇಲೂ ಇಲ್ಲೇ ಬರುತ್ತೇವೆ ಅಂದವರಿಗೆ ಮಾತ್ರ ಪಹಣಿ ತೆಗೆಸಿಕೊಡುತ್ತೇನೆ.